ಲದ್ದಿಯ ಮೇಲೊಂದು ಬಿಳಿ ಮೊಳೆ

ಲಂಡನ್ನಿನ ಪಶ್ಚಿಮಕ್ಕೆ, ಥೇಮ್ಸ್ ನದಿಯ ದಂಡೆಗೆ ಒತ್ತಿಕೊಂಡಂತೆ ಕ್ಯೂ ಸಸ್ಯೋದ್ಯಾನ ಹರಡಿಕೊಂಡಿದೆ. 1759ರಲ್ಲಿ ಅರಮನೆಯ ತೋಟವಾಗಿ ಶುರುವಾದ ಇದನ್ನು 2003ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಬೆಂಗಳೂರಿನ ಲಾಲ್‌ಬಾಗನ್ನು ಕಂಡವರಿಗೆ ಕ್ಯೂ ತೀರಾ ಅಪರಿಚಿತ ಜಾಗವೇನಲ್ಲ. ಲಾಲ್‌ಬಾಗನ್ನು ಬೆಳೆಸಿದ ಜಾನ್ ಕ್ಯಾಮರಾನ್, ಕ್ರುಂಬಿಗಲ್ ಇಬ್ಬರೂ ಕ್ಯೂನಲ್ಲಿ ಪಳಗಿ ಬಂದವರೇ.

ಇಲ್ಲಿಗೆ ಬರುವ ಪ್ರವಾಸಿಗರು ತಾಳೆಮರಗಳ ಗಾಜಿನ ಮನೆಯನ್ನು ನೋಡುತ್ತಾರೆ, ತಟ್ಟೆಯಗಲದ ಎಲೆಗಳ ನೈದಿಲೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಾರೆ. ಆದರೆ ಅದೇ ಉದ್ಯಾನದ ಪ್ರಯೋಗಾಲಯದ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಜಗತ್ತಿನ ಅತಿ ದೊಡ್ಡ ಶಿಲೀಂಧ್ರ ಸಂಗ್ರಹವಿದೆ ಎಂಬುದು ಅವರಲ್ಲಿ ಹೆಚ್ಚಿನವರಿಗೆ ತಿಳಿಯದು. ಅದರ ಹೆಸರು ಫಂಗೇರಿಯಂ. ಸಾಲು ಸಾಲು ಕಪಾಟುಗಳು, ಅವುಗಳ ತುಂಬ ಹಸಿರು ಪೆಟ್ಟಿಗೆಗಳು, ಪೆಟ್ಟಿಗೆಗಳೊಳಗೆ ಕಾಗದದ ಪೊಟ್ಟಣಗಳು. ಒಟ್ಟು ಹನ್ನೆರಡೂವರೆ ಲಕ್ಷಕ್ಕೂ ಮೇಲ್ಪಟ್ಟು ಮಾದರಿಗಳು. ಅಣಬೆ, ಬೂಷ್ಟು, ಕಾಡಿಗೆ ರೋಗ, ಬೂದಿ ರೋಗ, ಮರದ ಕೊರಡಿನ ಮೇಲೆ ಕಿವಿಯಂತೆ ಹೊರಬರುವ ಗಟ್ಟಿ ಅಣಬೆ ಎಲ್ಲವೂ ಇಲ್ಲಿ ಒಣಗಿ, ಹೆಸರು ಹೊತ್ತು ಮಲಗಿವೆ.

ಒಣಗಿದ ಅಣಬೆಯಲ್ಲಿ ನೋಡುವುದಕ್ಕೆ ಏನಿದೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರಕ್ಕೆ ಈ ಪೆಟ್ಟಿಗೆಗಳಲ್ಲಿರುವ ಒಂದು ಬಡಪಾಯಿ ಶಿಲೀಂಧ್ರದ ಕಥೆಯನ್ನು ಹಿಡಿದರೆ ಸಾಕು.

ಕೊಡೆಯಿಲ್ಲದ ಅಣಬೆ

ಅದರ ವೈಜ್ಞಾನಿಕ ಹೆಸರು ಪೊರೋನಿಯ ಪಂಕ್ಟಾಟ. ಇಂಗ್ಲೆಂಡಿನ ಜನ ಅದನ್ನು ಮೊಳೆ ಶಿಲೀಂಧ್ರ ಎನ್ನುತ್ತಾರೆ. ಮಳೆಗಾಲದಲ್ಲಿ ನಮ್ಮ ಹಿತ್ತಿಲಲ್ಲಿ ಏಳುವ ನಾಯಿಕೊಡೆಯಂತೆ ಇದಕ್ಕೆ ಕೊಡೆಯಿಲ್ಲ. ಕಿರುಬೆರಳಿನ ಉಗುರಿನಷ್ಟಗಲದ ಒಂದು ಚಪ್ಪಟೆ ಬಿಳಿ ಬಿಲ್ಲೆ. ಅದರ ಮೇಲೆ ಕರಿ ಎಳ್ಳು ಉದುರಿಸಿದಂತೆ ಕಪ್ಪು ಚುಕ್ಕೆಗಳು. ಬಿಲ್ಲೆಯ ಕೆಳಗೆ ಒಂದು ಕಪ್ಪು ತೊಟ್ಟು ಆಳಕ್ಕೆ ಇಳಿದಿರುತ್ತದೆ. ಅಗಲ ತಲೆಯ ಮೊಳೆಯೊಂದನ್ನು ಯಾರೋ ಸುತ್ತಿಗೆಯಿಂದ ಹೊಡೆದು ಇಳಿಸಿದ ಹಾಗೆ ಕಾಣುತ್ತದೆ. ಮೊಳೆ ಹೊಡೆದ ಜಾಗವಾದರೂ ಯಾವುದು? ಕುದುರೆಯ ಲದ್ದಿ!

ಆ ಕಪ್ಪು ಚುಕ್ಕೆಗಳು ಬರಿಯ ಅಲಂಕಾರಕ್ಕಲ್ಲ. ಒಂದೊಂದು ಚುಕ್ಕೆಯೂ ಒಂದೊಂದು ಪುಟ್ಟ ಹೂಜಿಯ ಬಾಯಿ. ಹೂಜಿಯೊಳಗೆ ಬೀಜಾಣುಗಳು ತಯಾರಾಗಿ, ಬಲಿತ ಮೇಲೆ ಬಾಯಿಂದ ಹೊರಕ್ಕೆ ಚಿಮ್ಮುತ್ತವೆ. ಲದ್ದಿಯ ಮೇಲೆ ಬದುಕುವ ಶಿಲೀಂಧ್ರಗಳ ಬಾಳಿನ ಚಕ್ರವೇ ಒಂದು ಸೋಜಿಗ. ಬೀಜಾಣು ಚಿಮ್ಮಿ ಸುತ್ತಲಿನ ಹುಲ್ಲಿಗೆ ಅಂಟುತ್ತದೆ. ಹುಲ್ಲನ್ನು ಪ್ರಾಣಿ ಮೇಯುತ್ತದೆ. ಹೊಟ್ಟೆಯ ಬಿಸಿಯನ್ನೂ ರಸಗಳನ್ನೂ ದಾಟಿ ಬೀಜಾಣು ಹೊರಬರುತ್ತದೆ. ಬಿದ್ದ ಲದ್ದಿಯೇ ಅದರ ಹೊಲ, ಲದ್ದಿಯೇ ಅದರ ಅನ್ನ.

ಆ ಅನ್ನಕ್ಕೆ ಪಂಕ್ತಿಯಲ್ಲಿ ಕೂರುವವರು ಬಹಳ ಮಂದಿ. ಲದ್ದಿ ಬಿದ್ದ ಕೆಲವೇ ದಿನಗಳಲ್ಲಿ ಬೇಗ ಬೆಳೆಯುವ ಬೂಷ್ಟುಗಳು ಮೇಲೇಳುತ್ತವೆ. ಅವು ಉಂಡು ಎದ್ದ ಮೇಲೆ ಬೇರೆಯವು. ಮೊಳೆ ಶಿಲೀಂಧ್ರದ್ದು ಕಡೆಯ ಪಂಕ್ತಿ. ಲದ್ದಿ ಹಳೆಯದಾಗಿ, ಮಳೆ ಬಿಸಿಲು ಕಂಡು, ನಾರು ನಾರಾಗಿ ಉಳಿದಾಗ ಅದು ತಲೆ ಎತ್ತುತ್ತದೆ. ತಡವಾಗಿ ಬಂದರೂ ಅದು ದುರ್ಬಲವಲ್ಲ. ನೆರೆಯ ಶಿಲೀಂಧ್ರಗಳ ಬೆಳವಣಿಗೆಯನ್ನು ತಡೆಯುವ ಶಕ್ತಿ ಅದಕ್ಕಿದೆ ಎಂಬುದನ್ನು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. 1980ರ ದಶಕದಲ್ಲಿ ರಸಾಯನ ವಿಜ್ಞಾನಿಗಳು ಅದರಿಂದ ಬೇರ್ಪಡಿಸಿದ ಹೊಸ ಸಂಯುಕ್ತಗಳಿಗೆ ಪಂಕ್ಟಪೊರೋನಿನ್ ಎಂದು ಹೆಸರಾಯಿತು.

ಸ್ವೀಡನ್ನಿನ ಲಿನೇಯಸ್ 1753ರಲ್ಲಿಯೇ ಈ ಜೀವಿಗೆ ಹೆಸರಿಟ್ಟಿದ್ದ. ಕುದುರೆಗಳು ಉಳುತ್ತಿದ್ದ, ಬಂಡಿ ಎಳೆಯುತ್ತಿದ್ದ, ಅಂಚೆ ಸಾಗಿಸುತ್ತಿದ್ದ ಕಾಲ ಅದು. ರಸ್ತೆಯಲ್ಲಿ ಲದ್ದಿ, ಹುಲ್ಲುಗಾವಲಿನಲ್ಲಿ ಲದ್ದಿ. ಯುರೋಪಿನ ಅನೇಕ ದೇಶಗಳಲ್ಲಿ ಮೊಳೆ ಶಿಲೀಂಧ್ರ ಹುಡುಕಿದರೆ ಸಿಗುವ ವಸ್ತುವಾಗಿತ್ತು. ಈಗ ಅದೇ ದೇಶಗಳಲ್ಲಿ ಅನೇಕವು ಅದನ್ನು ಅಳಿವಿನ ಅಂಚಿನ ಕೆಂಪು ಪಟ್ಟಿಯಲ್ಲಿ ಇಟ್ಟಿವೆ. ಬ್ರಿಟನ್ನಿನಲ್ಲಿ ಅದು ಕಾಪಾಡಲೇಬೇಕಾದ ಜೀವಿಗಳ ಸಾಲಿಗೆ ಸೇರಿದೆ.

ಪೊಟ್ಟಣ ಹೇಳುವ ಸಾಕ್ಷ್ಯ

ಒಂದು ಜೀವಿ ಹಿಂದೆ ಸಾಮಾನ್ಯವಾಗಿತ್ತು, ಈಗ ವಿರಳವಾಗಿದೆ ಎಂದು ಹೇಳುವುದಕ್ಕೆ ಆಧಾರವೇನು? ಅಜ್ಜಂದಿರ ನೆನಪು ಒಂದು ತಲೆಮಾರಿಗೆ ಮುಗಿಯುತ್ತದೆ. ಹುಲಿಯನ್ನು ಕೊಂದವರು ಅದರ ಚರ್ಮವನ್ನು ಗೋಡೆಗೆ ತೂಗುಹಾಕಿದರು. ಲದ್ದಿಯ ಮೇಲಿನ ಬಿಲ್ಲೆಯನ್ನು ಯಾರು ನೆನಪಿಡುತ್ತಾರೆ? ಇಲ್ಲಿಯೇ ಕ್ಯೂ, ಲೈಡನ್, ಉಪ್ಸಾಲದಂಥ ಊರುಗಳ ಒಣ ಸಂಗ್ರಹಗಳು ನೆರವಿಗೆ ಬರುವುದು.

ಅಣಬೆಯನ್ನು ಮಾದರಿಯಾಗಿ ಕಾಪಾಡುವುದು ಹೂವನ್ನು ಪುಸ್ತಕದ ನಡುವೆ ಒತ್ತಿಟ್ಟಷ್ಟು ಸುಲಭವಲ್ಲ. ಅಣಬೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ಹೊತ್ತು ಮೀರಿದರೆ ಕೊಳೆತು ನೀರಾಗುತ್ತದೆ, ಇಲ್ಲವೇ ಹುಳು ಬೀಳುತ್ತದೆ. ಆದ್ದರಿಂದ ಕಿತ್ತ ದಿನವೇ ಅದರ ಬಣ್ಣ, ವಾಸನೆ, ಅಳತೆಗಳನ್ನು ಬರೆದಿಟ್ಟುಕೊಳ್ಳಬೇಕು. ಒಣಗಿದ ಮೇಲೆ ಬಣ್ಣವೂ ಇರದು, ವಾಸನೆಯೂ ಇರದು. ಬಳಿಕ ಹದವಾದ ಬಿಸಿಗಾಳಿಯಲ್ಲಿ ಒಣಗಿಸಿ, ಪೊಟ್ಟಣದಲ್ಲಿಟ್ಟು, ಮೇಲೆ ಚೀಟಿ ಅಂಟಿಸುತ್ತಾರೆ. ಮೊಳೆ ಶಿಲೀಂಧ್ರವಾದರೆ ಲದ್ದಿಯ ತುಣುಕೂ ಜೊತೆಯಲ್ಲೇ ಒಣಗಿ ಪೊಟ್ಟಣ ಸೇರುತ್ತದೆ. ನೂರಾರು ವರ್ಷ ಹಳೆಯ ಕುದುರೆ ಲದ್ದಿಯನ್ನು ಇಷ್ಟು ಜೋಪಾನವಾಗಿ ಕಾಯ್ದಿಟ್ಟಿರುವ ಜಾಗ ಇಂಥ ಸಂಗ್ರಹಾಲಯವಲ್ಲದೆ ಬೇರೆ ಇರಲಾರದು.

ಪೊಟ್ಟಣದೊಳಗಿನ ವಸ್ತುವಿನಷ್ಟೇ ಮುಖ್ಯವಾದದ್ದು ಮೇಲಿನ ಚೀಟಿ. ಯಾವ ಊರು, ಯಾವ ದಿನ, ಯಾರು ಕಂಡದ್ದು, ಯಾವುದರ ಮೇಲೆ ಬೆಳೆದಿತ್ತು: ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವಿಲ್ಲದ ಮಾದರಿ ವಿಳಾಸವಿಲ್ಲದ ಕಾಗದದಂತೆ. ಉತ್ತರವಿದ್ದರೆ, ಬರೆದವನು ಎಂದೂ ಊಹಿಸದಿದ್ದ ಪ್ರಶ್ನೆಗಳಿಗೂ ಅದು ಮುಂದೊಂದು ದಿನ ಉತ್ತರ ಕೊಡುತ್ತದೆ.

1988ರಲ್ಲಿ ನಡೆದದ್ದು ಇದಕ್ಕೊಂದು ಒಳ್ಳೆಯ ಉದಾಹರಣೆ. ಆ ವರ್ಷ ಜರ್ಮನಿಯ ಇಬ್ಬರು ತಜ್ಞರು ಪೊರೋನಿಯದ ಇನ್ನೊಂದು ಜಾತಿಯನ್ನು ವರ್ಣಿಸಿದರು. ಪೊರೋನಿಯ ಎರಿಸಿ ಎಂಬ ಅದು ಹೊರನೋಟಕ್ಕೆ ಮೊಳೆ ಶಿಲೀಂಧ್ರದ ತಮ್ಮನಂತೆಯೇ ಇದೆ. ಆದರೆ ಅದು ಹೆಚ್ಚಾಗಿ ಬೆಳೆಯುವುದು ಮೊಲದ ಹಿಕ್ಕೆಯ ಮೇಲೆ. ಅದರ ಬೀಜಾಣುಗಳೂ ದೊಡ್ಡವು. ಇಷ್ಟು ತಿಳಿದದ್ದೇ, ಅದುವರೆಗೆ ಒಂದೇ ಹೆಸರಿನಡಿ ಇದ್ದ ಹಳೆಯ ಪೊಟ್ಟಣಗಳನ್ನೆಲ್ಲ ಅನುಮಾನದಿಂದ ನೋಡಬೇಕಾಯಿತು. ಚೀಟಿಯಲ್ಲಿ ಮೊಲದ ಹಿಕ್ಕೆ ಎಂದಿದೆಯೇ? ಹಾಗಿದ್ದರೆ ಪೊಟ್ಟಣ ಬಿಚ್ಚಿ ಸೂಕ್ಷ್ಮದರ್ಶಕದಡಿ ಬೀಜಾಣುವನ್ನು ಅಳೆಯಬೇಕು. ಬರಿಯ ಹೆಸರನ್ನು ಪುಸ್ತಕದಲ್ಲಿ ಬರೆದಿಟ್ಟು ಮಾದರಿಯನ್ನು ಎಸೆದಿದ್ದರೆ ಈ ತಪಾಸಣೆ ಸಾಧ್ಯವೇ ಆಗುತ್ತಿರಲಿಲ್ಲ. ಪಟ್ಟಿಯಲ್ಲಿನ ಹೆಸರನ್ನು ನಂಬಬೇಕು, ಇಲ್ಲವೇ ಬಿಡಬೇಕು. ಪೊಟ್ಟಣದಲ್ಲಿನ ವಸ್ತುವನ್ನು ಮತ್ತೆ ಕೇಳಬಹುದು.

ತಟ್ಟುಗಳ ಗೋಮಾಳ

ಬ್ರಿಟನ್ನಿನಲ್ಲಿ ಈ ಶಿಲೀಂಧ್ರವನ್ನು ಜೀವಂತ ನೋಡಬೇಕೆನ್ನುವವರು ಲಂಡನ್ನಿನ ವಾಟರ್‌ಲೂ ನಿಲ್ದಾಣದಲ್ಲಿ ರೈಲು ಹತ್ತಿ ದಕ್ಷಿಣಕ್ಕೆ ಹೋಗಬೇಕು. ಸುಮಾರು ಒಂದೂವರೆ ಗಂಟೆಯಲ್ಲಿ ಬ್ರಾಕೆನ್‌ಹರ್ಸ್ಟ್ ಎಂಬ ಸಣ್ಣ ಊರು ಬರುತ್ತದೆ. ಅಲ್ಲಿ ಇಳಿದರೆ ಹ್ಯಾಂಪ್‌ಷೈರ್ ಸೀಮೆಯ ನ್ಯೂ ಫಾರೆಸ್ಟ್. ಹೆಸರು ಹೊಸ ಕಾಡು. ವಯಸ್ಸು ಒಂಬತ್ತು ಶತಮಾನಕ್ಕೂ ಹೆಚ್ಚು. 1079ರ ಸುಮಾರಿಗೆ ದೊರೆ ವಿಲಿಯಂ ತನ್ನ ಬೇಟೆಗೆಂದು ಇದನ್ನು ಮೀಸಲಿಟ್ಟ. 2005ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತೀರ್ಣ ಸುಮಾರು 570 ಚದರ ಕಿಲೋಮೀಟರ್.

ಕಾಡು ಎಂದೊಡನೆ ಮಲೆನಾಡಿನ ದಟ್ಟಡವಿಯನ್ನು ಕಲ್ಪಿಸಿಕೊಂಡು ಹೋದವರಿಗೆ ಆಶ್ಚರ್ಯ ಕಾದಿರುತ್ತದೆ. ಓಕ್ ಮತ್ತು ಬೀಚ್ ಮರಗಳ ತೋಪುಗಳೇನೋ ಇವೆ. ಅವುಗಳ ನಡುವೆ ಕಣ್ಣು ಹಾಯುವಷ್ಟು ದೂರ ನೇರಳೆ ಹೂವಿನ ಕುರುಚಲು ಬಯಲು, ಜೌಗು, ಮೋಟು ಹುಲ್ಲು. ಆ ಹುಲ್ಲಿನ ಮೇಲೆ, ಊರಿನ ಬೀದಿಯಲ್ಲಿ, ಕೆಲವೊಮ್ಮೆ ಅಂಗಡಿಯ ಬಾಗಿಲಲ್ಲಿ ಕೂಡ, ಕಂದು ಕಪ್ಪು ಬಣ್ಣದ ತಟ್ಟು ಕುದುರೆಗಳು ಆರಾಮವಾಗಿ ನಿಂತಿರುತ್ತವೆ. ಬೇಲಿಯಿಲ್ಲದ ರಸ್ತೆಗಳಲ್ಲಿ ವಾಹನಗಳು ಗಂಟೆಗೆ 40 ಮೈಲಿ ಮೀರಬಾರದು. ದಾರಿಯ ನಡುವೆ ತಟ್ಟು ನಿಂತರೆ ಕಾರು ಕಾಯಬೇಕು.

ಈ ತಟ್ಟುಗಳು ಕಾಡುಪ್ರಾಣಿಗಳಲ್ಲ. ಒಂದೊಂದಕ್ಕೂ ಒಡೆಯನಿದ್ದಾನೆ. ನಮ್ಮ ಹಳ್ಳಿಗಳಲ್ಲಿ ಗೋಮಾಳಕ್ಕೆ ದನ ಬಿಡುವ ಹಾಗೆ, ಇಲ್ಲಿನ ಕೆಲವು ಮನೆ ಮತ್ತು ಜಮೀನುಗಳಿಗೆ ಮೇವಿನ ಹಕ್ಕು ತಲೆಮಾರುಗಳಿಂದ ಅಂಟಿಕೊಂಡು ಬಂದಿದೆ. ಹಕ್ಕುಳ್ಳವರು ವರ್ಷಕ್ಕಿಷ್ಟು ಎಂದು ಶುಲ್ಕ ಕಟ್ಟಿ ಕುದುರೆ, ದನ, ಕತ್ತೆಗಳನ್ನು ಮೇಯಲು ಬಿಡುತ್ತಾರೆ. ಶರತ್ಕಾಲದಲ್ಲಿ ಹಂದಿಗಳ ಸರದಿ. ಉದುರಿದ ಓಕ್ ಕಾಯಿ ಕುದುರೆಗೆ ವಿಷ, ಹಂದಿಗೆ ಹಬ್ಬ. ಹಂದಿ ಬಿಟ್ಟರೆ ಎರಡು ಕೆಲಸ ಒಟ್ಟಿಗೆ ಆಗುತ್ತದೆ. ಇದನ್ನೆಲ್ಲ ನೋಡಿಕೊಳ್ಳಲು ವರ್ಡರರ್ ಎಂಬ ಪಂಚರ ಕೂಟವಿದೆ. ಲಿಂಡ್‌ಹರ್ಸ್ಟ್ ಊರಿನ ಹಳೆಯ ಸಭಾಂಗಣದಲ್ಲಿ ಅವರ ನ್ಯಾಯಸಭೆ ನಡೆಯುತ್ತದೆ. ಅವರ ಕೈಕೆಳಗಿನ ಮೇಲ್ವಿಚಾರಕರು ಕುದುರೆಯ ಮೇಲೆ ಸುತ್ತಾಡಿ, ಶುಲ್ಕ ಕಟ್ಟಿದ ತಟ್ಟುಗಳ ಬಾಲದ ಕೂದಲನ್ನು ತಮ್ಮ ತಮ್ಮ ಪ್ರದೇಶದ ಗುರುತಿನಂತೆ ಕತ್ತರಿಸುತ್ತಾರೆ. ಬಾಲ ನೋಡಿದರೆ ಯಾವ ಕಡೆಯ ತಟ್ಟು ಎಂದು ತಿಳಿಯುತ್ತದೆ.

ಅಂದ ಹಾಗೆ, ಲಿಂಡ್‌ಹರ್ಸ್ಟ್ ಚರ್ಚಿನ ಅಂಗಳದಲ್ಲಿ ಮಕ್ಕಳು ಗಮನಿಸಬೇಕಾದ ಸಮಾಧಿಯೊಂದಿದೆ. ಲೂಯಿಸ್ ಕ್ಯಾರಲ್‌ನ ಅದ್ಭುತ ಲೋಕದ ಕಥೆಗೆ ಸ್ಫೂರ್ತಿಯಾದ ಆಲಿಸ್ ಎಂಬಾಕೆಯದು. ಆ ಕಥೆಯಲ್ಲಿ ಅಣಬೆಯ ಮೇಲೆ ಕೂತು ಹುಕ್ಕಾ ಸೇದುವ ಕಂಬಳಿಹುಳುವನ್ನು ಓದಿದವರು ಮರೆಯಲಾರರು.

ಮೊಳೆ ಶಿಲೀಂಧ್ರ ಬ್ರಿಟನ್ನಿನಲ್ಲಿ ಬಲವಾಗಿ ಉಳಿದುಕೊಂಡದ್ದು ಈ ಕಾಡಿನಲ್ಲಿಯೇ ಏಕೆ? ಕುದುರೆಗಳೇನೋ ಬೇರೆ ಕಡೆಯೂ ಇವೆ. ಶ್ರೀಮಂತರ ಲಾಯಗಳಲ್ಲಿ, ಸವಾರಿ ಶಾಲೆಗಳಲ್ಲಿ ಬೇಕಾದಷ್ಟಿವೆ. ಆದರೆ ಅವು ತಿನ್ನುವುದು ಧಾನ್ಯ, ಇಲ್ಲವೇ ರಾಸಾಯನಿಕ ಗೊಬ್ಬರ ಹಾಕಿ ಬೆಳೆಸಿದ ಮೃದು ಹುಲ್ಲು. ನ್ಯೂ ಫಾರೆಸ್ಟ್‌ನ ತಟ್ಟು ಮೇಯುವುದು ಎಂದೂ ಉಳದ, ಗೊಬ್ಬರ ಕಾಣದ, ಹುಳಿ ಮಣ್ಣಿನ ಒರಟು ಹುಲ್ಲನ್ನು. ಮೊಳೆ ಶಿಲೀಂಧ್ರಕ್ಕೆ ಹಿಡಿಸಿರುವುದು ಇಂಥ ನಾರುಗಟ್ಟಿದ ಲದ್ದಿ. ಟ್ರ್ಯಾಕ್ಟರ್ ಬಂದು ಕುದುರೆ ಹೋಯಿತು. ಗೊಬ್ಬರದ ಚೀಲ ಬಂದು ಹಳೆಯ ಹುಲ್ಲು ಹೋಯಿತು. ಎರಡು ಪೆಟ್ಟು ಒಟ್ಟಿಗೆ ಬಿದ್ದವು. ಎರಡರಿಂದಲೂ ತಪ್ಪಿಸಿಕೊಂಡ ಊರಿನಲ್ಲಿ ಶಿಲೀಂಧ್ರ ಉಳಿಯಿತು.

ಹಾಗೆಂದ ಮೇಲೆ ಅದರ ಭವಿಷ್ಯ ನಿಂತಿರುವುದು ಯಾರ ಮೇಲೆ ಎಂಬುದೂ ಸ್ಪಷ್ಟ. ವಿಜ್ಞಾನಿಗಳಿಗಿಂತ ಹೆಚ್ಚಾಗಿ ಅದು ನಿಂತಿರುವುದು ತಟ್ಟು ಸಾಕುವವರ ಮೇಲೆ. ಅವರಿಗೋ ಈ ಕಸುಬಿನಿಂದ ದೊಡ್ಡ ಲಾಭವಿಲ್ಲ. ಲಂಡನ್ನಿನ ಹಣವಂತರು ರಜೆಯ ಮನೆಗಳನ್ನು ಕೊಂಡು ಊರಿನ ಮನೆಗಳ ಬೆಲೆ ಗಗನಕ್ಕೇರಿದೆ. ತಟ್ಟು ಸಾಕುವ ಮನೆಯ ಮಕ್ಕಳಿಗೆ ಅಲ್ಲಿಯೇ ಮನೆ ಮಾಡಿಕೊಂಡು ಉಳಿಯುವುದು ಕಷ್ಟವಾಗಿದೆ. ಅವರು ಊರು ಬಿಟ್ಟರೆ ತಟ್ಟಿಲ್ಲ. ತಟ್ಟಿಲ್ಲದಿದ್ದರೆ ಬಯಲಿನಲ್ಲಿ ಪೊದೆ ಬೆಳೆದು ಹುಲ್ಲಿಲ್ಲ. ಬಿಳಿ ಮೊಳೆಗೆ ಜಾಗವಿಲ್ಲ. ಆಶಾದಾಯಕ ಸಂಗತಿಯೆಂದರೆ, ಪಕ್ಕದ ಡಾರ್ಸೆಟ್ ಸೀಮೆಯಂಥ ಕಡೆಗಳಲ್ಲಿ ಕುರುಚಲು ಬಯಲುಗಳನ್ನು ಕಾಪಾಡಲು ತಟ್ಟುಗಳನ್ನು ಮೇಯಲು ಬಿಟ್ಟಿದ್ದಾರೆ. ಅಲ್ಲಿಯೂ ಈ ಶಿಲೀಂಧ್ರ ಕಂಡುಬಂದಿದೆ.

ಇಲ್ಲ ಎನ್ನುವ ಮುನ್ನ

ಸಂಗ್ರಹಾಲಯದ ದಾಖಲೆಯನ್ನು ಓದುವುದಕ್ಕೂ ಒಂದು ಎಚ್ಚರ ಬೇಕು. ಒಂದು ಸೀಮೆಯಿಂದ ಐವತ್ತು ವರ್ಷ ಒಂದೂ ಪೊಟ್ಟಣ ಬರಲಿಲ್ಲ ಎಂದರೆ ಶಿಲೀಂಧ್ರ ಅಳಿಯಿತೆಂದೇ ಅರ್ಥವೇ? ಹುಡುಕುವವರೇ ಇರಲಿಲ್ಲವೆಂದೂ ಇರಬಹುದು. ಈ ಅನುಮಾನವನ್ನು ಪರಿಹರಿಸಲು ಕ್ಯೂ ಸಂಸ್ಥೆ 2014ರಿಂದ ಐದು ವರ್ಷ ಒಂದು ಯೋಜನೆ ನಡೆಸಿತು. ಬ್ರಿಟನ್ನಿನಲ್ಲಿ ವಿರಳವೆಂದು ತೋರಿದ 100 ಶಿಲೀಂಧ್ರಗಳ ಪಟ್ಟಿ ಮಾಡಿ, ಹಳೆಯ ಚೀಟಿಗಳಲ್ಲಿದ್ದ ಊರುಗಳನ್ನು ತೋರಿಸಿ, ಹುಡುಕಿ ಎಂದು ಹವ್ಯಾಸಿಗಳನ್ನು ಕರೆಯಿತು. ನಿವೃತ್ತ ಮೇಷ್ಟರುಗಳು, ಗೃಹಿಣಿಯರು, ವಿದ್ಯಾರ್ಥಿಗಳು ಗಾಜಿನ ಬಿಲ್ಲೆ ಹಿಡಿದು ಹೊರಟರು. ಕೆಲವು ಜಾತಿಗಳು ಹೊಸ ಹೊಸ ಜಾಗಗಳಲ್ಲಿ ಸಿಕ್ಕವು. ಕೆಲವು ನಿಜಕ್ಕೂ ವಿರಳವೆಂದು ಖಚಿತವಾಯಿತು. ಎರಡೂ ಲಾಭವೇ.

ಇತ್ತ ನ್ಯೂ ಫಾರೆಸ್ಟ್‌ನ ಸರಕಾರಿ ಅರಣ್ಯದಲ್ಲಿ 2016ರಿಂದ ಅಣಬೆ ಕೀಳಬೇಡಿ ಎಂದು ಅರಣ್ಯ ಇಲಾಖೆ ಜನರಲ್ಲಿ ಕೇಳಿಕೊಂಡಿದೆ. ಬುಟ್ಟಿಗಟ್ಟಲೆ ಕಿತ್ತು ಹೋಟೆಲುಗಳಿಗೆ ಮಾರುವವರ ಹಾವಳಿ ಅಷ್ಟು ಹೆಚ್ಚಿತ್ತು. ಲದ್ದಿಯ ಮೇಲಿನ ಮೊಳೆಗೆ ಆ ಭಯ ಅಷ್ಟಾಗಿ ಇಲ್ಲವೆನ್ನಿ.

ಅಂಗಡಿಯವರ ಮಗ ಮತ್ತು ಒಂದು ಕನ್ನಡ ಪದ

ಕ್ಯೂನ ಸಂಗ್ರಹ ಬೆಳೆದ ಬಗೆಯೂ ವಿದ್ಯಾರ್ಥಿಗಳು ತಿಳಿಯತಕ್ಕದ್ದು. 1879ರಲ್ಲಿ ಮೈಲ್ಸ್ ಬರ್ಕ್ಲಿ ಎಂಬ ಪಾದ್ರಿ ತಾನು ಜೀವಮಾನವಿಡೀ ಕೂಡಿಸಿದ ಶಿಲೀಂಧ್ರಗಳನ್ನು ಕ್ಯೂಗೆ ಕೊಟ್ಟ. 1840ರ ದಶಕದಲ್ಲಿ ಐರ್ಲೆಂಡನ್ನು ಹಸಿವಿನಿಂದ ನರಳಿಸಿದ ಆಲೂಗೆಡ್ಡೆ ರೋಗಕ್ಕೆ ಕಾರಣ ಕೆಟ್ಟ ಹವೆಯಲ್ಲ, ಎಲೆಯ ಮೇಲಿನ ಬೂಷ್ಟಿನಂಥ ಜೀವಿ ಎಂದು 1846ರಲ್ಲಿ ವಾದಿಸಿದವನು ಇವನೇ. ಆಗ ಒಪ್ಪಿದವರು ಕಡಿಮೆ. ಆ ಕಾಲದ ರೋಗದ ಎಲೆಗಳು ಕ್ಯೂ ಮತ್ತು ಮ್ಯೂನಿಕ್‌ನ ಸಂಗ್ರಹಗಳಲ್ಲಿ ಒಣಗಿ ಕೂತಿದ್ದವು. 2013ರಲ್ಲಿ ವಿಜ್ಞಾನಿಗಳು ಅಂಥ ಹನ್ನೊಂದು ಮಾದರಿಗಳಿಂದ ಡಿಎನ್ಎ ತೆಗೆದು ಓದಿ, ಕ್ಷಾಮ ತಂದ ತಳಿ ಯಾವುದೆಂದು ಗುರುತಿಸಿದರು. ಡಿಎನ್ಎ ಎಂಬ ಪದವೇ ಇಲ್ಲದ ಕಾಲದಲ್ಲಿ ಕಟ್ಟಿಟ್ಟ ಪೊಟ್ಟಣಗಳು ಅವು.

ಬರ್ಕ್ಲಿಯ ಸಂಗ್ರಹ ಬಂದ ಕಾಲಕ್ಕೆ ಕ್ಯೂ ಸೇರಿ ಶಿಲೀಂಧ್ರ ವಿಭಾಗವನ್ನು ಕಟ್ಟಿದವನು ಮಾರ್ಡಿಕೈ ಕುಬಿಟ್ ಕುಕ್. 1825ರಲ್ಲಿ ನಾರ್ಫಕ್ ಸೀಮೆಯ ಹಳ್ಳಿಯೊಂದರಲ್ಲಿ ಅಂಗಡಿ ಇಟ್ಟಿದ್ದವರ ಮಗನಾಗಿ ಹುಟ್ಟಿದ. ಬಟ್ಟೆ ಅಂಗಡಿಯಲ್ಲಿ ಕೆಲಸ ಕಲಿತ, ವಕೀಲರ ಬಳಿ ಗುಮಾಸ್ತನಾದ, ಶಾಲಾ ಮೇಷ್ಟರಾದ. ಶಿಲೀಂಧ್ರ ಶಾಸ್ತ್ರವನ್ನು ಬಹುಪಾಲು ತಾನೇ ಕಲಿತ. ಲಂಡನ್ನಿನಲ್ಲಿದ್ದ ಇಂಡಿಯಾ ಮ್ಯೂಸಿಯಂನಲ್ಲಿ ಕೆಲಸಕ್ಕಿದ್ದಾಗ ಭಾರತದಿಂದ ಬರುತ್ತಿದ್ದ ರೋಗದ ಎಲೆಗಳು ಅವನ ಮೇಜಿಗೆ ತಲಪುತ್ತಿದ್ದವು. ಕಾಫಿ ಎಲೆಯನ್ನು ಕಪ್ಪಾಗಿಸಿ ಕೊಳೆಸುವ ಶಿಲೀಂಧ್ರವೊಂದಕ್ಕೆ 1876ರಲ್ಲಿ ಅವನಿಟ್ಟ ಹೆಸರು ಪೆಲಿಕ್ಯುಲೇರಿಯ ಕೊಳೆರೋಗ. ಹೌದು, ನಮ್ಮ ಕೊಳೆರೋಗವೇ! ಕಾಫಿ ಸೀಮೆಯ ಕನ್ನಡಿಗರ ಬಾಯಿಮಾತು ಹಾಗೆ ಲ್ಯಾಟಿನ್ ಹೆಸರಿನ ಭಾಗವಾಯಿತು. ಆ ಜೀವಿಯ ಕುಲದ ಹೆಸರು ಮುಂದೆ ಬದಲಾದರೂ ಹಳೆಯ ಹೆಸರು ಗ್ರಂಥಗಳಲ್ಲಿ ಉಳಿದಿದೆ.

ಅಡಿಕೆಯ ಕೊಳೆರೋಗದ ಕಾರಣ ಬೇರೆ. ಅದನ್ನು ಮೈಸೂರು ಸಂಸ್ಥಾನದಲ್ಲಿ ಅಭ್ಯಾಸ ಮಾಡಿದವರು 1908ರಲ್ಲಿ ಬಂದ ಲೆಸ್ಲಿ ಕೋಲ್ಮನ್. ಆಲೂಗೆಡ್ಡೆ ರೋಗದ ಸಂಬಂಧಿಯೇ ಅಡಿಕೆಯನ್ನು ಕೊಳೆಸುವ ಜೀವಿ ಎಂಬುದು ಅದರಿಂದ ಸ್ಪಷ್ಟವಾಯಿತು. ಮಲೆನಾಡಿನ ತೋಟಗಳಲ್ಲಿ ಮಳೆಗಾಲಕ್ಕೆ ಮುನ್ನ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಕೊನೆಗಳಿಗೆ ಹೊಡೆಯುವ ಪದ್ಧತಿಯ ಹಿಂದೆ ಅವರ ದುಡಿಮೆಯಿದೆ. ಯಾವ ರೋಗ ಯಾವ ಜೀವಿಯಿಂದ ಎಂದು ಗೊತ್ತಾಗದೆ ಮದ್ದು ಗೊತ್ತಾಗುವುದಿಲ್ಲ. ಗೊತ್ತಾಗುವುದಕ್ಕೆ ಹೋಲಿಸಿ ನೋಡಲು ಹಳೆಯ ಮಾದರಿ ಬೇಕು. ಭಾರತದಲ್ಲಿಯೂ ಇಂಥದೊಂದು ಭಂಡಾರವಿದೆ. 1905ರಲ್ಲಿ ಬಿಹಾರದ ಪೂಸಾದಲ್ಲಿ ಎಡ್ವಿನ್ ಬಟ್ಲರ್ ಆರಂಭಿಸಿದ ಸಂಗ್ರಹ, 1934ರ ಭೂಕಂಪದ ನಂತರ ಕೃಷಿ ಸಂಶೋಧನಾ ಸಂಸ್ಥೆಯೊಂದಿಗೆ ದೆಹಲಿಗೆ ಬಂದಿತು. ಅದೇ ಬಟ್ಲರ್ 1920ರಲ್ಲಿ ಕ್ಯೂನಲ್ಲಿ ಸ್ಥಾಪಿತವಾದ ಶಿಲೀಂಧ್ರ ಸಂಸ್ಥೆಯ ಮೊದಲ ನಿರ್ದೇಶಕರಾದರು. ಆ ಸಂಸ್ಥೆಯ ಸುಮಾರು ನಾಲ್ಕು ಲಕ್ಷ ಮಾದರಿಗಳು 2009ರಲ್ಲಿ ಕ್ಯೂನ ಹಸಿರು ಪೆಟ್ಟಿಗೆಗಳ ಜೊತೆ ಸೇರಿದವು.

ಜಗತ್ತಿನಲ್ಲಿ ಸುಮಾರು 25 ಲಕ್ಷ ಜಾತಿಯ ಶಿಲೀಂಧ್ರಗಳಿರಬಹುದೆಂದು ತಜ್ಞರ ಅಂದಾಜು. ಹೆಸರು ಪಡೆದಿರುವುದು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಉಳಿದವು ಯಾವ ಕಾಡಿನ ಕೊರಡಿನ ಮೇಲೆ, ಯಾವ ಕೊಟ್ಟಿಗೆಯ ಸಗಣಿಯ ಮೇಲೆ ಇವೆಯೋ. ಅವುಗಳನ್ನು ಕಾಣಲು ಮುಖ್ಯವಾಗಿ ಬೇಕಾದದ್ದು ಬಗ್ಗಿ ನೋಡುವ ಅಭ್ಯಾಸ, ಒಂದು ಕಾಗದದ ಪೊಟ್ಟಣ, ಊರು ದಿನ ತಪ್ಪದೆ ಬರೆಯುವ ಶಿಸ್ತು. ಅಂಗಡಿಯವರ ಮಗನಿಗೆ ಆರಂಭದಲ್ಲಿ ಇದ್ದದ್ದೂ ಬಹುತೇಕ ಅಷ್ಟೇ. ಲದ್ದಿ ನೋಡುತ್ತಾ ಕೂತ ಹುಡುಗನನ್ನು ಮನೆಯವರು ಗದರುವ ಮುನ್ನ, ಅವನ ಕೈಯಲ್ಲಿ ಚೀಟಿ ಮತ್ತು ಪೆನ್ಸಿಲ್ ಇದೆಯೇ ಎಂದು ಒಮ್ಮೆ ನೋಡುವುದು ಒಳ್ಳೆಯದು.